ದೊಡ್ಡಪ್ಪ ಕಾಯಿಸಿದ ಬೇಸ್ ಗಿಟಾರ್

ನಮ್ಮ ದೊಡ್ಡಪ್ಪನ ಬಲ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಎಡಗೈಯಲ್ಲಿ ದಟ್ಟವಾಗಿತ್ತು, ಬಿಸಿಲಿಗೆ ಕೆಂಚಗಾಗಿತ್ತು. ಬಲಗೈ ಮಾತ್ರ ಮಣಿಕಟ್ಟಿನಿಂದ ಮೊಣಕೈವರೆಗೆ ನುಣ್ಣಗೆ ಮಿರುಗುತ್ತಿತ್ತು. ತಮಟೆ ಕಾಯಿಸಿ ಕಾಯಿಸಿ ಹಾಗಾಗಿದ್ದು. ತಂಪು ಹವೆಗೆ ತಮಟೆಯ ಚರ್ಮ ಸಡಿಲಾಗಿ ದನಿ ಇಳಿದುಬಿಡುತ್ತದೆ. ಬಾರಿಸುವ ಮುಂಚೆ ಒಣಹುಲ್ಲಿಗೆ ಬೆಂಕಿ ಹಚ್ಚಿ, ಉರಿಯ ಹತ್ತಿರ ಹಿಡಿದು, ನಿಧಾನವಾಗಿ ತಿರುಗಿಸುತ್ತ ಬಿಗಿ ಬರಿಸಿಕೊಳ್ಳಬೇಕು. ಉರಿ ಏರಿದಾಗ ಬೇರೆಯವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ದೊಡ್ಡಪ್ಪ ಎಳೆದುಕೊಳ್ಳುತ್ತಿರಲಿಲ್ಲ. "ಅದಕ್ಕೆ ಎಷ್ಟು ಬಿಸಿ ತಾಗೈತೆ ಅಂತ ನನ್ನ ಕೈಗೆ ಗೊತ್ತಾಗಬೇಕಲ್ಲಪ್ಪ" ಅನ್ನುತ್ತಿದ್ದರು. ಕೂದಲು ಸುಟ್ಟ ವಾಸನೆ ಬಂದರೆ ಕಾರ್ಯಕ್ರಮ ಇನ್ನೇನು ಶುರುವಾಗುತ್ತದೆ ಎಂದು ನಮಗೆ ತಿಳಿಯುತ್ತಿತ್ತು.

ಅವರು ನನ್ನ ತಂದೆಯ ಅಣ್ಣ. ನ್ಯಾಮತಿಯ ಅಂಚಿನ ನಮ್ಮ ಕೇರಿಯಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಗೋಡೆಗೆ ಅಂಟಿಕೊಂಡಿವೆ. ಆ ಗೋಡೆಯನ್ನು ಕಟ್ಟಿದವರೂ ಅವರೇ. ಗಾರೆ ಕೆಲಸ ಅವರ ಹೊಟ್ಟೆಪಾಡು. ಕೆಲಸ ಮುಗಿದ ಮೇಲೆ ಗೋಡೆಯನ್ನು ಬೆರಳ ಗಿಣ್ಣಿನಿಂದ ತಟ್ಟಿ, ತಲೆ ವಾರೆ ಮಾಡಿ ಕೇಳುವುದು ಅಭ್ಯಾಸ. ಯಾರಾದರೂ ಹಸಿ ಗೋಡೆಗೆ ಒರಗಿದರೆ, "ಕಟ್ಟಿದ ದಿನವೇ ಒರಗಬ್ಯಾಡ್ರಪ್ಪೋ, ಅದಕ್ಕೂ ಒಂದೀಟು ಉಸಿರು ಬಿಡ್ರಿ" ಎಂದು ಗದರುತ್ತಿದ್ದರು. ನಾನು ಚನ್ನಗಿರಿಯಲ್ಲಿ ಮೇಷ್ಟ್ರಾದ ಮೇಲೆ ನನ್ನನ್ನು ಬಹುವಚನದಲ್ಲಿ ಕರೆದು ಚುಡಾಯಿಸುತ್ತಿದ್ದರು. ನನಗೆ ರಾಗವೂ ಬಾರದು, ತಾಳವೂ ಬಾರದು. ಕೇರಿಯ ಹಾಡಿನ ತಂಡದಲ್ಲಿ ಮೈಕು, ವೈರು ನೋಡಿಕೊಳ್ಳುವವನು ನಾನು. "ಮೇಷ್ಟ್ರೇ, ನಿಮ್ಮ ವೈರನ್ನೂ ಒಂಚೂರು ಕಾಯಿಸಿ ಕೊಡ್ಲೇನ್ರೀ?" ಎಂದು ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೇಳುತ್ತಿದ್ದರು.

ಹರೆಯದಲ್ಲಿ ಅವರು ಊರಿನ ಸಾವುಗಳಿಗೆ ತಮಟೆ ಬಾರಿಸುತ್ತಿದ್ದವರು. ಅದು ಬೇಡ ಎನ್ನಬಹುದಾದ ಕೆಲಸವಾಗಿರಲಿಲ್ಲ. ಹೆಣದ ಮುಂದೆ ಬಿಸಿಲಲ್ಲಿ ನಡೆಯಬೇಕು, ಕೊನೆಗೆ ಹಿತ್ತಲ ಕಡೆ ನಿಂತು ಕೊಟ್ಟಿದ್ದನ್ನು ತಗೊಂಡು ಬರಬೇಕು. ಒಂದು ದಿನ ಕರೆಯಲು ಬಂದವರಿಗೆ, "ಸಾವಿಗೆ ಬಾರಿಸಾಕೆ ಇನ್ನು ನಾನು ಬರಾದಿಲ್ಲ. ಗೋಡೆ ಬಿದ್ದಿದ್ರೆ ಹೇಳ್ರಿ, ಬಂದು ಕಟ್ತೀನಿ" ಎಂದರು. ಆಮೇಲೆ ಬಹಳ ಕಾಲ ಊರಲ್ಲಿ ಯಾರ ಗೋಡೆಯೂ ಬೀಳಲಿಲ್ಲ. ಕೆಲಸ ಹುಡುಕಿಕೊಂಡು ಹೊನ್ನಾಳಿಗೆ ಹೋಗುತ್ತಿದ್ದರು. ತಮಟೆ ಗೂಟದ ಮೇಲೆ ತೂಗುತ್ತಿತ್ತು. ಕೇರಿಯಲ್ಲಿ ಹಾಡಿನ ತಂಡ ಕಟ್ಟಿದಾಗ ಅದನ್ನು ಅವರೇ ಇಳಿಸಿಕೊಂಡರು.

ಇದು ಅಕ್ಕನಿಗೆ ಹಿಡಿಸಲಿಲ್ಲ. ಅಕ್ಕ ಎಂದರೆ ಅವರ ಒಬ್ಬಳೇ ಮಗಳು. ಹೊನ್ನಾಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಸ್ಕೂಲಿಗೆ ಹೋಗುವಾಗ ಹೆಣದ ಮುಂದೆ ಅಪ್ಪ ಬಾರಿಸುತ್ತ ಬರುವುದನ್ನು ಕಂಡು, ಗೆಳತಿಯರಿಗೆ ಗೊತ್ತಾಗದಿರಲೆಂದು ಸಂದಿಯಲ್ಲಿ ನಿಂತಿದ್ದವಳು.

"ಇಳಿಸಿದ ಹೊರೆ ಮತ್ತೆ ಯಾಕಪ್ಪ ಹೊತ್ಕೊಂಡೆ?" ಎಂದು ಕೇಳಿದ್ದಳು.

"ಇದು ಹೊರೆ ಅಲ್ಲ ಕಣವ್ವ. ಹೊರಿಸಿದ್ರಲ್ಲ, ಅವರು ಹೊರೆ."

ಅವಳು ಒಪ್ಪಲಿಲ್ಲ. ಆದರೆ ತಂಡಕ್ಕೆ ತಾನೂ ಬಂದಳು. ದಾವಣಗೆರೆಯಲ್ಲಿ ಮುಚ್ಚಿಹೋದ ಒಂದು ಸಂಗೀತ ಶಾಲೆಯಿಂದ ಹಳೆಯ ಬೇಸ್ ಗಿಟಾರ್ ತಂದು, ಡ್ಯೂಟಿ ಮುಗಿಸಿ ಬಂದು ಅಭ್ಯಾಸ ಮಾಡಿ ಕಲಿತಳು. ದೊಡ್ಡ ಹೊಟ್ಟೆಯ ಮರದ ವಾದ್ಯ. ಬೆರಳಿನಷ್ಟು ದಪ್ಪ ಅನ್ನಿಸುವ ನಾಲ್ಕು ತಂತಿ. ಆ ತಂತಿಗಳ ಎಳೆತವನ್ನೆಲ್ಲ ತಡೆದು ಹಿಡಿಯುವುದು ಹೊಟ್ಟೆಯ ಮೇಲೆ ಅಂಟಿಸಿರುವ ಮರದ ಒಂದು ಪಟ್ಟಿ. ಅದಕ್ಕೆ ಬ್ರಿಡ್ಜ್ ಎನ್ನುತ್ತಾರೆ. ತಂಬೂರಿ ಕಂಡಿದ್ದ ದೊಡ್ಡಪ್ಪ ಅದನ್ನು ಕುದುರೆ ಎನ್ನುತ್ತಿದ್ದರು. ನುಡಿಸಿ ಮುಗಿದ ಮೇಲೆ ತಂತಿ ಸಡಿಲಿಸದೆ ಅಕ್ಕ ಹೊರಟರೆ, "ದುಡಿದ ಎತ್ತಿನ ನೊಗ ಇಳಿಸದೆ ಹೊಂಟೆಯಲ್ಲೇ" ಎಂದು ಹಿಂದಿನಿಂದ ಕೂಗುತ್ತಿದ್ದರು. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ.

ತಮಟೆ ಇರುವ ಹಾಡಿಗೆ ಅಕ್ಕ ನುಡಿಸುತ್ತಿರಲಿಲ್ಲ, ಅವಳು ನುಡಿಸುವ ಹಾಡಿಗೆ ತಮಟೆ ಇರುತ್ತಿರಲಿಲ್ಲ. ಒಂದು ವರ್ಷ ಏಪ್ರಿಲ್ ತಿಂಗಳ ಜಯಂತಿಗೆ ಜಗಳೂರಿನಿಂದ ಕರೆ ಬಂದಾಗ, ನಾವು ಏನೂ ಕೇಳದೆಯೇ, "ಕೊನೇ ಹಾಡು ಇಬ್ರೂ ಸೇರಿ ಮಾಡೋಣ" ಎಂದಳು. ದೊಡ್ಡಪ್ಪ ಎದ್ದು ಹೋಗಿ ತಮಟೆಯನ್ನು ಗೂಟದಿಂದ ತೆಗೆದು, ಒರೆಸಿ, ಮತ್ತೆ ಅಲ್ಲೇ ನೇತುಹಾಕಿದರು.

ಜಗಳೂರಿಗೆ ಮುಂಚೆ ಹೊನ್ನಾಳಿಯಲ್ಲಿ ಒಂದು ಸಣ್ಣ ಕಾರ್ಯಕ್ರಮವಿತ್ತು. ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಮಧ್ಯಾಹ್ನ ಅಕಾಲ ಮಳೆ ಬಂದು ನಿಂತಿತ್ತು. ಸಂಜೆ ವೇದಿಕೆಯ ಹಿಂದೆ ಹುಲ್ಲಿನ ಬೆಂಕಿ ಉರಿಯುತ್ತಿತ್ತು. ಅಕ್ಕ ಒಂದೆರಡು ಸಲ ತಂತಿ ಮೀಟಿ, ಶ್ರುತಿ ಇಳಿದಿದೆ ಎಂದು ಗಿಟಾರಿನ ತಲೆಯ ಬಿರಡೆ ತಿರುಪಿ ಬಿಗಿಮಾಡಿ, ನೀರು ಕುಡಿಯಲು ಆಚೆ ಹೋದಳು. ನಾನು ವೈರು ಜೋಡಿಸಿ ತಿರುಗಿದಾಗ ತಮಟೆಗಳ ಸಾಲಿನಲ್ಲಿ, ಉರಿಗೆ ಮುಖ ಮಾಡಿ, ಗಿಟಾರೂ ಒರಗಿ ನಿಂತಿತ್ತು. ದೊಡ್ಡಪ್ಪ ತಮ್ಮ ಬಲಗೈಯನ್ನು ಅದರ ಹೊಟ್ಟೆಯ ಮುಂದೆ ಹಿಡಿದು ಬಿಸಿ ನೋಡುತ್ತಿದ್ದರು. ಮಗುವಿಗೆ ಸ್ನಾನದ ನೀರು ನೋಡುವವರ ಹಾಗೆ.

"ಗಿಟಾರಿಗೂ ಚಳಿಯಾಯ್ತೇನಣ್ಣ?" ಎಂದು ತಂಡದವರೊಬ್ಬರು ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಟಪ್ಪೆಂದು ಒಂದು ಸದ್ದು ಬಂತು. ಒಣ ಕಡ್ಡಿ ಮುರಿದಂಥ ಸಣ್ಣ ಸದ್ದು.

ಕುದುರೆಯ ಹಿಂಬದಿ ಮೇಲೆದ್ದಿತ್ತು. ಬಿಸಿಗೆ ಅಂಟು ಮೆದುವಾಗಿ, ತಂತಿ ಎಳೆದ ಕಡೆಗೆ ಬಾಗಿ, ಮದುವೆ ಕಾರ್ಡು ತೂರಿಸಬಹುದಾದಷ್ಟು ಸಂದು ಬಿಟ್ಟಿತ್ತು. ಅಕ್ಕ ಓಡಿ ಬಂದಳು.

"ಯಾರಿದನ್ನ ಇಲ್ಲಿ ಇಟ್ಟಿದ್ದು?"

"ನಾನೇ" ಎಂದರು ದೊಡ್ಡಪ್ಪ. "ದನಿ ಇಳಿದೈತೆ ಅಂದೆಯಲ್ಲವ್ವ. ತಂಪಿಗೆ ಜೋತು ಬಿದ್ದೈತೆ ಅಂದ್ಕೊಂಡೆ."

"ಅದು ಚರ್ಮ ಅಲ್ಲಪ್ಪ! ಮರ!" ಅವಳು ಗಿಟಾರನ್ನು ಉರಿಯಿಂದ ಆಚೆ ಎಳೆದುಕೊಂಡಳು. "ನೀನು ಮುಟ್ಟಿದ್ದೆಲ್ಲ ತಮಟೆ ಆಗಬೇಕಾ?"

ದೊಡ್ಡಪ್ಪನ ಕೈ ಇನ್ನೂ ಚಾಚಿಕೊಂಡೇ ಇತ್ತು. ಅಕ್ಕ ತಂತಿಗಳನ್ನು ಅವಸರದಲ್ಲಿ ಸಡಿಲಿಸಿದಳು. ಸಂದು ಅರ್ಧ ಮುಚ್ಚಿಕೊಂಡಿತು, ಪೂರ್ತಿ ಮುಚ್ಚಲಿಲ್ಲ. ಆ ಸಂಜೆ ಅವಳು ನುಡಿಸಲಿಲ್ಲ, ದೊಡ್ಡಪ್ಪ ಬಾರಿಸಲಿಲ್ಲ. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕುಳಿತು ಹೇಳಿದಳು: "ಇದು ಸರಿಯಾದ್ರೆ ಜಗಳೂರಿಗೆ ಬರ್ತೀನಿ. ಇಲ್ಲಾಂದ್ರೆ ಅವರ ತಮಟೆ ಅವರಿಗೆ. ಇನ್ನೊಂದು ಸಲ ಕೇಳಬೇಡ ತಮ್ಮ." ಹಿಂದಿನ ಸೀಟಿನಲ್ಲಿದ್ದ ದೊಡ್ಡಪ್ಪನಿಗೆ ಅದು ಕೇಳಿಸಿತೆಂದು ನನಗೆ ಗೊತ್ತು. ಕಿಟಕಿಯ ಕಂಬಿ ಹಿಡಿದಿದ್ದ ಅವರ ಕೈ ಬಿಗಿಯಾಯಿತು.

ಸ್ಕ್ರೂ ಬಡಿಯಿರಿ ಎಂದು ಕೆಲವರು, ಸಂದಿನಲ್ಲಿ ಗೋಂದು ಸುರಿಯಿರಿ ಎಂದು ಕೆಲವರು. ಅಕ್ಕ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಕುದುರೆಯನ್ನು ಪೂರ್ತಿ ಬಿಡಿಸಿ, ಹಳೆಯ ಅಂಟು ಕೆರೆದು, ಹೊಸದಾಗಿ ಕೂರಿಸಬೇಕು ಎಂದು ತೀರ್ಮಾನಿಸಿದಳು. ಬಿಡಿಸುವುದಕ್ಕೆ ಬಿಸಿ ಕೊಡಬೇಕು. ಕಡಿಮೆಯಾದರೆ ಅಂಟು ಬಿಡದೆ ಕೆಳಗಿನ ಮರದ ಸಿಪ್ಪೆ ಕಿತ್ತು ಬರುತ್ತದೆ, ಹೆಚ್ಚಾದರೆ ಹಲಗೆ ಸೊಟ್ಟಗಾಗುತ್ತದೆ. ಒಂದು ಬೆಳಗ್ಗೆ ಅವಳು ಪಡಸಾಲೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಮಡಿಸಿದ ಬಟ್ಟೆ, ಅಪ್ಪ ಗೋಡೆಗೆ ಪುಟ್ಟಿ ಬಳಿಯುವ ತೆಳು ತಗಡಿನ ಪಟ್ಟಿ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಕೊನೆಗೆ ತಲೆಯೆತ್ತದೆ, "ಅಪ್ಪ, ಬಿಸಿ ನೋಡು ಬಾ" ಎಂದಳು.

ದೊಡ್ಡಪ್ಪ ಬಂದು ಕುಳಿತರು. ಕೂದಲಿಲ್ಲದ ಮುಂಗೈಯನ್ನು ಕುದುರೆಯ ಪಕ್ಕಕ್ಕೆ ತಂದು ಹಿಡಿದರು. ಅವಳು ಇಸ್ತ್ರಿ ಪೆಟ್ಟಿಗೆ ಒತ್ತುವಳು, ತೆಗೆಯುವಳು. ಅವರು "ತಡಿ" ಎನ್ನುವರು. ಮತ್ತೆ ಒತ್ತುವಳು. "ತಡಿ." ಮತ್ತೆ. "ಈಗ." ಪಟ್ಟಿ ಸಂದಿನೊಳಗೆ ಒಂದು ಉಗುರಿನಷ್ಟು ಹೋಯಿತು. ಚರಚರ ಸದ್ದಾಯಿತು. ಅಕ್ಕ ಕಣ್ಣು ಮುಚ್ಚಿದಳು. "ಅದು ಅಂಟು ಕಣವ್ವ, ಮರ ಅಲ್ಲ. ಮುಂದೆ ಹೋಗು" ಎಂದರು. ಹೀಗೇ ಬೆಳಗೆಲ್ಲ ಕಳೆಯಿತು. ಕುದುರೆ ಕೈಗೆ ಬಂದಾಗ ಇಬ್ಬರ ಬೆನ್ನೂ ತೊಯ್ದಿತ್ತು.

ಅದು ಕೂತಿದ್ದ ಜಾಗವನ್ನು ಅಕ್ಕ ಬಗ್ಗಿ ನೋಡಿದಳು. ಅಂಚಿನ ಸುತ್ತ ಹಲಗೆಯ ಮೇಲೆ ಪಾಲಿಶ್ ಹಾಗೇ ಹೊಳೆಯುತ್ತಿತ್ತು. ಮೊದಲು ಮಾಡಿದವರು ಪಾಲಿಶ್ ಕೆರೆಯದೆ ಅದರ ಮೇಲೆಯೇ ಅಂಟಿಸಿದ್ದರು. ಗಟ್ಟಿಯಾಗಿ ಹಿಡಿದಿದ್ದು ನಡುವಿನ ಒಂದಿಷ್ಟು ಜಾಗ ಮಾತ್ರ.

"ಅಪ್ಪ, ಇಲ್ಲಿ ನೋಡು. ಇದು ಮೊದಲೇ ಬಿಡೋದಿತ್ತು. ಇವತ್ತಲ್ಲ ನಾಳೆ."

ದೊಡ್ಡಪ್ಪ ಬೆರಳಾಡಿಸಿದರು. "ಕಚ್ಚು ಹೊಡೀದೆ ಗಾರೆ ಮೆತ್ತಿದಂಗೆ ಐತೆ" ಎಂದರು. ಗೋಡೆಗೆ ಗಾರೆ ಹಿಡಿಯಲಿ ಎಂದು ಮೊದಲು ಉಳಿಯಿಂದ ಕಚ್ಚು ಹೊಡೆಯುವುದು ಅವರ ದಿನದ ಕೆಲಸ. ತಪ್ಪನ್ನು ಅಲ್ಲಿಗೇ ಬಿಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಅವಳೇ ದಾರಿ ತೋರಿಸಿದ್ದಳು. ಅವರು ತೊಳೆದುಕೊಳ್ಳಲಿಲ್ಲ. "ಅವರು ಸರಿಯಾಗಿ ಅಂಟಿಸಲಿಲ್ಲ, ಅದು ಬ್ಯಾರೆ. ಬೆಂಕಿ ಇಟ್ಟವನು ನಾನೇ" ಎಂದರು. ಆ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಸ್ಕೂಲಿನಲ್ಲಿ, ಮನೆಯಲ್ಲಿ, ನನ್ನ ಯಾವುದಾದರೂ ತಪ್ಪಿಗೆ ನನಗಿಂತ ಮುಂಚಿನ ಕಾರಣ ಸಿಕ್ಕಿ ಹಗುರಾದಾಗಲೆಲ್ಲ.

ಪಾಲಿಶ್ ಕೆರೆದು, ಅಂಟು ಹಚ್ಚಿ ಕೂರಿಸಿದರು. ಮೇಲೆ ಭಾರ ಹೇರಿದರೆ ಹೊಟ್ಟೆ ಕುಸಿಯಬಾರದೆಂದು ದೊಡ್ಡಪ್ಪ ಗಿಟಾರಿನ ಬಾಯೊಳಗೆ ಕೈ ತೂರಿಸಿ, ಮೇಲ್ಹಲಗೆಗೆ ಕಟ್ಟಿಗೆಯ ಆಸರೆ ಕೊಟ್ಟರು. "ಮನೆಗೆ ಸೆಂಟ್ರಿಂಗ್ ಹಾಕಿದಂಗೆ" ಎಂದು ಅಕ್ಕನೇ ಅಂದಳು, ಹೊನ್ನಾಳಿಯ ಸಂಜೆಯ ನಂತರ ಮೊದಲ ಸಲ ಅರೆನಗುವಿನಲ್ಲಿ. ಮೇಲೆ ಮರಳು ತುಂಬಿದ ಬಟ್ಟೆ ಚೀಲ, ಅದರ ಮೇಲೆ ಇಟ್ಟಿಗೆ. ಮಾರನೆಯ ದಿನ ಅವಳು ಬಿಚ್ಚಿ ನೋಡಲು ಹೋದರೆ ಇವರು ಅಡ್ಡ ನಿಂತರು. "ಸೆಂಟ್ರಿಂಗ್ ಬೇಗ ಬಿಚ್ಚಿದ ಮನೆ ನಾನು ಕಂಡೀನಿ. ಶನಿವಾರದವರೆಗೆ ಮುಟ್ಟಬ್ಯಾಡ." ಆ ದಿನಗಳಲ್ಲಿ ಇಬ್ಬರೂ ಪಡಸಾಲೆಯಲ್ಲಿ ನಿಧಾನಕ್ಕೆ ಓಡಾಡಿದರು, ಜ್ವರದ ಮಗು ಮಲಗಿರುವ ಮನೆಯಂತೆ.

ಭಾನುವಾರ ಜಗಳೂರಿನಲ್ಲಿ, ವೇದಿಕೆಯ ಹಿಂದಿನ ಬೇವಿನ ನೆರಳಲ್ಲಿ ತಂತಿ ಬಿಗಿಮಾಡಿದೆವು. ಕುದುರೆಯ ಹಿಂಬದಿಗೆ ಮೊಬೈಲಿನ ಬೆಳಕು ಬಿಟ್ಟು ಸಂದು ಬಿಡುತ್ತದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂತು. ಅಕ್ಕ ಬಿರಡೆಯನ್ನು ಕಾಲು ಸುತ್ತು ತಿರುವುವಳು, ನಿಲ್ಲಿಸುವಳು.

"ಹೇಳು."

"ಅಲುಗಿಲ್ಲ."

ಮತ್ತೆ ತಿರುವುವಳು. ಮರ ಒಂದು ಸಲ ನರಳಿದಂತೆ ಕಿರ್ರೆಂದಿತು. ಅವಳ ಕೈ ನಿಂತಿತು. ದೊಡ್ಡಪ್ಪ ನಮಗೆ ಬೆನ್ನು ಹಾಕಿ ಕುಳಿತಿದ್ದರು. ತಿರುಗಿ ನೋಡಲಿಲ್ಲ. ಮುಂದೆ ತಣ್ಣಗೆ ಬಿದ್ದಿದ್ದ ತಮಟೆ, ಹಚ್ಚದ ಹುಲ್ಲು. ಸಂದು ಕಾಣುತ್ತದೆಯೇ ಎಂದು ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಅಂಟಿನ ಗೆರೆ ಇದ್ದ ಹಾಗೇ ಇತ್ತು.

"ಅಲುಗಿಲ್ಲ" ಎಂದೆ.

ನಾಲ್ಕೂ ತಂತಿ ಶ್ರುತಿಗೆ ಬಂದಾಗ ಅಕ್ಕ ದಪ್ಪ ತಂತಿಯನ್ನು ಮೀಟಿದಳು. ದೊಡ್ಡಪ್ಪ ತಲೆ ವಾರೆ ಮಾಡಿದರು, ಗೋಡೆ ತಟ್ಟಿದಾಗ ಮಾಡುವ ಹಾಗೆ. ಆದರೂ ಎದ್ದು ಬರಲಿಲ್ಲ.

"ಯಾಕಪ್ಪ, ತಮಟೆ ಕಾಯಿಸಲ್ವಾ?"

"ಬ್ಯಾಡ ಬಿಡವ್ವ. ಇವತ್ತು ಹಿಂಗೇ ಬಾರಿಸ್ತೀನಿ."

"ಸತ್ತ ದನಿ ಹಾಕ್ಕೊಂಡು ನನ್ ಪಕ್ಕ ನಿಲ್ಲಬೇಡ. ಹುಲ್ಲು ಹಚ್ಚು. ಇದನ್ನ ನಾನು ಆಚೆ ಹಿಡ್ಕೊಂಡು ನಿಲ್ತೀನಿ."

ಅವರು ಹಚ್ಚಿದರು. ಗಾಳಿಗೆ ಉರಿ ಎದ್ದಿತು. ಕೂದಲು ಸುಟ್ಟ ವಾಸನೆ ಬಂತು. ಅಪ್ಪ ಮಗಳು ಅಕ್ಕಪಕ್ಕ ನಿಂತ ಆ ಹಾಡನ್ನು ಬಣ್ಣಿಸಲು ನನಗೆ ಬಾರದು. ನಾನು ಹಾಡು ಮುಗಿಯುವ ತನಕ ಕುದುರೆಯನ್ನೇ ನೋಡುತ್ತಿದ್ದೆ.

ಆಮೇಲೆ ಬಹಳ ಕಡೆ ಹೋದರು, ಸೂರಗೊಂಡನಕೊಪ್ಪದ ಕಡೆ, ಬಸವಾಪಟ್ಟಣಕ್ಕೆ. ಮುಂದೊಂದು ಮಳೆಗಾಲದಲ್ಲಿ ದೊಡ್ಡಪ್ಪನಿಗೆ ಉಸಿರು ಕಟ್ಟತೊಡಗಿತು. ಸಿಮೆಂಟಿನ ಧೂಳೂ ಬೇಡ, ಹೊಗೆಯೂ ಬೇಡ ಎಂದರು ಡಾಕ್ಟರು. ತಮಟೆ ಗೂಟಕ್ಕೆ ಹೋಯಿತು. ತಿಂಗಳುಗಟ್ಟಲೆ ಮಂಚದ ಮೇಲೆ ಒರಗಿಯೇ ಇದ್ದರು. ಅಕ್ಕ ಅಭ್ಯಾಸ ಮುಗಿಸಿದರೆ ಒಳಗಿನಿಂದ, "ನೊಗ ಇಳಿಸಿದೆಯೇನೇ?" ಎನ್ನುವ ಸಣ್ಣ ದನಿ ಬರುತ್ತಿತ್ತು. ಅವಳು ಈಗ ಇಳಿಸುತ್ತಿದ್ದಳು.

ಒಂದು ಬೆಳಗ್ಗೆ ಹೋಗಿಬಿಟ್ಟರು. ನೋಡಲು ಬಂದ ಊರಿನ ಹಿರಿಯರೊಬ್ಬರು, "ತಮಟೆ ಎಲ್ಲವ್ವ? ಊರಿಗೆಲ್ಲ ಬಾರಿಸಿದವನು" ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅಕ್ಕ ಹೇಳಿದಳು: "ಸಾವಿಗೆ ಬಾರಿಸೋದು ಅಪ್ಪ ಬಿಟ್ಟಿದ್ರು. ಅವರ ಸಾವಿಗೂ ಬೇಡ." ಬುದ್ಧವಂದನೆ ಮುಗಿದ ಮೇಲೆ ಅವಳು ಗಿಟಾರ್ ತಂದು ತಲೆದೆಸೆಯಲ್ಲಿ ಕುಳಿತಳು. ಸ್ಪೀಕರ್ ಹಾಕಲೇ ಎಂದು ಕೇಳಿದೆ, ಬೇಡವೆಂದಳು. ಜಗಳೂರಿನ ಹಾಡನ್ನು ಬರೀ ದಪ್ಪ ತಂತಿಯ ಮೇಲೆ ನುಡಿಸಿದಳು. ಹತ್ತಿರ ಕುಳಿತವರಿಗಷ್ಟೇ ಕೇಳಿಸಿತು. ಮುಗಿಸಿ, ನಾಲ್ಕೂ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದಳು.

ಎತ್ತುವಾಗ ಬಿಳಿಬಟ್ಟೆ ಜರುಗಿ ಅವರ ಬಲಗೈ ಹೊರಗೆ ಜಾರಿತು. ಹಿಡಿದುಕೊಂಡೆ. ಅಂಗೈಗೆ ಏನೋ ಮೆತ್ತಗೆ ತಾಗಿತು. ಬೆಂಕಿಯ ಹತ್ತಿರ ಹೋಗದ ಆ ತಿಂಗಳುಗಳಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಕೂದಲು ಬೆಳೆದಿತ್ತು. ಎಳೆಯ, ಬೆಳ್ಳನೆಯ ಕೂದಲು. ದಿನಾ ನೋಡುತ್ತಿದ್ದ ನಾವು ಯಾರೂ ಅದನ್ನು ಕಂಡಿರಲಿಲ್ಲ. ಆ ಕೈಯನ್ನು ಬಟ್ಟೆಯೊಳಗೆ ಸೇರಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.