ಮಾತ್ರೆ ನಿಲ್ಲಿಸಿದ ಹುಡುಗಿ

ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಮುಂಬೈಯ ಒಂದು ಕ್ಯಾನ್ಸರ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧನಾ ತರಬೇತಿಗೆ ಜಾಗ ಸಿಕ್ಕಿತು. ಎಂಬತ್ತರ ದಶಕದ ಆರಂಭ ಅದು. ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿನ ಮೇಲೆ ಕೆಲಸ ಕಲಿಯಲು, ಆಗಷ್ಟೇ ಓದು ಮುಗಿಸಿದವರನ್ನು ಅಲ್ಲಿ ಎರಡು ವರ್ಷದ ಮಟ್ಟಿಗೆ ತೆಗೆದುಕೊಳ್ಳುತ್ತಿದ್ದರು. ನೆಲೋಗಿಯ ನಮ್ಮ ಮನೆಯಲ್ಲಿ ಇದನ್ನು ತಿಳಿಸಿ ಹೇಳುವುದೇ ಕಷ್ಟವಾಯಿತು. ಅಪ್ಪ ಬಸ್ ಕಂಡಕ್ಟರ್.

“ಸಾಲಿ ಕಲಿಯೋದು ಮುಗೀತಲ್ಲ, ಮತ್ತ ಕಲ್ಯಾಕ ಯಾಕ ಹೊಂಟಿ? ಡಾಕ್ಟರ್ ಆಗ್ತಿಯೇನು?” ಎಂದು ಕೇಳಿದರು.

“ಇಲ್ಲಪ್ಪ. ಡಾಕ್ಟರಿಗೆ ಗೊತ್ತಿಲ್ಲದ್ದು ಹುಡುಕೋದು.”

“ಅವರಿಗೇ ಗೊತ್ತಿಲ್ಲಂದ್ರ ನಿನಗ ಹ್ಯಾಂಗ ಗೊತ್ತಾಗ್ತದ?”

ಆದರೂ ಕಲಬುರಗಿ ಸ್ಟೇಶನ್ನಿಗೆ ಬಂದು ಅವರೇ ರೈಲು ಹತ್ತಿಸಿದರು.

ಪ್ರಯೋಗಾಲಯ ಆಸ್ಪತ್ರೆಯ ಮೇಲಿನ ಅಂತಸ್ತಿನಲ್ಲಿತ್ತು, ಮಕ್ಕಳ ವಾರ್ಡು ಕೆಳಗೆ. ಮಕ್ಕಳ ರಕ್ತ, ಮೂಳೆಯ ಮಜ್ಜೆ ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಬಳಿದು ನಮ್ಮ ಬಳಿ ಬರುತ್ತಿತ್ತು. ಅದಕ್ಕೆ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಇಟ್ಟು, ಒಳ್ಳೆಯ ಕಣ ಯಾವುದು, ಕೆಟ್ಟದ್ದು ಯಾವುದು ಎಂದು ಎಣಿಸಬೇಕು. ನನ್ನ ಗೈಡ್ ಐವತ್ತು ದಾಟಿದ ಎತ್ತರದ ಹೆಂಗಸು, ಕಡಿಮೆ ಮಾತಿನವರು. “ಮೊದಲು ಕಣ್ಣು ಕಲಿಯಲಿ, ತಲೆ ಆಮೇಲೆ” ಎಂದು ಮೊದಲ ದಿನವೇ ಹೇಳಿ ನನ್ನನ್ನು ಒಂದು ಕಿಟಕಿಯ ಪಕ್ಕ ಕೂರಿಸಿದರು. ತಿಂಗಳುಗಟ್ಟಲೆ ನಾನು ಆ ಕಿಟಕಿ ಬಿಟ್ಟು ಏಳಲಿಲ್ಲ.

ಜೊತೆಯಲ್ಲಿ ಕಲಿಯುವವರು ಒಳ್ಳೆಯವರೇ. ಆದರೆ ಅವರ ನಗೆ, ಜಗಳ ಎಲ್ಲ ಮರಾಠಿ, ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನಾನು ಅರ್ಥ ಮಾಡಿಕೊಂಡು ನಗುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಭಾನುವಾರ ಬೆಳಗ್ಗೆ ಸುಮ್ಮನೆ ಸ್ಟೇಶನ್ನಿಗೆ ಹೋಗಿ ನಮ್ಮ ಕಡೆಯ ರೈಲು ಬರುವ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಿದ್ದೆ. ಯಾರೋ “ಲೇ, ಗಂಟ ಹಿಡಕೋಲೇ” ಎಂದು ಕೂಗಿದರೆ ಸಾಕು, ಅಷ್ಟು ಕೇಳಿಸಿಕೊಂಡು ಹಾಸ್ಟೆಲಿಗೆ ಮರಳುತ್ತಿದ್ದೆ. ಅವರನ್ನು ಮಾತಾಡಿಸಲು ಮಾತ್ರ ಧೈರ್ಯ ಬರುತ್ತಿರಲಿಲ್ಲ. ಏನೆಂದು ಮಾತಾಡಿಸುವುದು?

ಒಂದು ದಿನ ಕೆಳಗಿನ ವಾರ್ಡಿನಿಂದ ಕರೆ ಬಂತು. ಕನ್ನಡ ಬಿಟ್ಟು ಬೇರೆ ಏನೂ ಬಾರದ ಒಬ್ಬ ತಾಯಿ ಬಂದಿದ್ದಾಳೆ, ಡಾಕ್ಟರು ಹೇಳಿದ್ದನ್ನು ತಿಳಿಸಿ ಹೇಳಬೇಕು ಎಂದರು. ಹೋಗಿ ನೋಡಿದರೆ ಇಳಕಲ್ ಸೀರೆಯ ಹೆಂಗಸು, ಮಡಿಲಲ್ಲಿ ಏಳೆಂಟು ವರ್ಷದ ಮಗಳು. ಅಫಜಲಪುರದ ಆಚೆ, ಭೀಮಾ ನದಿಯ ದಂಡೆಯ ಒಂದು ಹಳ್ಳಿಯವರು. ಸೊಲ್ಲಾಪುರದ ಡಾಕ್ಟರು ಇಲ್ಲಿಗೆ ಕಳಿಸಿದ್ದರು. ನಾನು ಬಾಯಿ ತೆರೆದದ್ದೇ ತಡ, ಆಕೆ ನನ್ನ ಕೈ ಹಿಡಿದುಕೊಂಡಳು.

“ನಮ್ಮ ಕಡೆಯವ್ರೇನ್ರಿ ಬಾಯಾರ? ನಿಮ್ಮ ಮಾತ ಕೇಳಿ ಜೀವ ಬಂದಂಗಾತ ನೋಡ್ರಿ. ಇವರೇನು ಹೇಳಾಕತ್ಯಾರೋ ಒಂದೂ ತಿಳಿವಲ್ದು.”

ಡಾಕ್ಟರು ಹೇಳಿದ್ದನ್ನು ನಾನು ಹೇಳಬೇಕಿತ್ತು. ಪ್ರಯೋಗಾಲಯದಲ್ಲಿ ದಿನವೂ ಬರೆಯುತ್ತಿದ್ದ ರೋಗದ ಹೆಸರು ಆಕೆಯ ಮುಖ ನೋಡುತ್ತಾ ಬಾಯಿಂದ ಹೊರಡಲಿಲ್ಲ. “ರಕ್ತದಾಗ ದೊಡ್ಡ ಬಿಮಾರಿ ಅದ ಯವ್ವಾ” ಎಂದೆ. ಆಕೆ “ಕ್ಯಾನ್ಸರ್ ಏನ್ರಿ?” ಎಂದು ತಾನೇ ಕೇಳಿದಳು. ಹೌದೆಂದೆ.

“ಉಳಿತಾಳೇನ್ರಿ?”

ಈ ಪ್ರಶ್ನೆಯನ್ನು ನಾನು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಕೇಳಿದೆ. ಉಳಿಯುವ ಮಕ್ಕಳೂ ಇದ್ದಾರೆ, ಆದರೆ ಔಷಧಿ ವರ್ಷಗಟ್ಟಲೆ ನಡೆಯಬೇಕು, ನಡುವೆ ನಿಲ್ಲಿಸಕೂಡದು ಎಂದರು. ಹಾಗೆಯೇ ಹೇಳಿದೆ. ಮಗಳು ಅಷ್ಟೂ ಹೊತ್ತು ನನ್ನ ಕೊರಳಿನ ಗುರುತಿನ ಚೀಟಿಯನ್ನೇ ನೋಡುತ್ತಿದ್ದಳು.

ಆ ಮಧ್ಯಾಹ್ನ ಅವಳ ಸ್ಲೈಡು ನನ್ನ ಮೇಜಿಗೇ ಬಂತು. ಅಲ್ಲಿಯವರೆಗೆ ಸ್ಲೈಡಿಗೆ ಒಂದು ನಂಬರಷ್ಟೇ ಇರುತ್ತಿತ್ತು, ಮುಖ ಇರುತ್ತಿರಲಿಲ್ಲ. ಎಣಿಸಲು ಕೂತೆ. ಮಧ್ಯೆ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಕೂತೆ, ಮತ್ತೆ ತಪ್ಪಿತು. ಗೈಡ್ ಬಂದು ನೋಡಿ, ಪಕ್ಕದ ಕುರ್ಚಿ ಎಳೆದುಕೊಂಡು ತಾವೇ ಎಣಿಸಿದರು.

ಆ ತಾಯಿ ಮಗಳು ವಾರ್ಡಿನಲ್ಲಿದ್ದ ವಾರಗಳಲ್ಲಿ ನನ್ನ ಒಂಟಿತನಕ್ಕೆ ಸ್ವಲ್ಪ ಬಿಡುವು ಸಿಕ್ಕಿತು. ಸಂಜೆ ಕೆಲಸ ಮುಗಿಸಿ ವಾರ್ಡಿಗೆ ಹೋಗಿ ಕೂರುತ್ತಿದ್ದೆ. ಹುಡುಗಿಯ ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಆದರೂ ಖಾರ ಹಚ್ಚಿದ ರೊಟ್ಟಿಯೇ ಬೇಕು ಎಂದು ಹಟ ಹಿಡಿಯುತ್ತಿದ್ದಳು. ಸ್ವಲ್ಪ ಸುಧಾರಿಸಿದ ಮೇಲೆ ಒಂದು ದಿನ ಗೈಡ್ ಅವರ ಒಪ್ಪಿಗೆ ಪಡೆದು ಅವಳನ್ನು ಮೇಲೆ ಕರೆತಂದು ಮೈಕ್ರೋಸ್ಕೋಪಿಗೆ ಕಣ್ಣಿಡಿಸಿದೆ.

“ಅಕ್ಕಾ, ಇವು ನೇರಳಿ ಬಣ್ಣ ಯಾಕ ಅವ?”

“ಬಣ್ಣ ನಾವೇ ಹಾಕೇವಿ. ಇಲ್ಲಂದ್ರ ಕಾಣಂಗಿಲ್ಲ.”

“ನನ್ನವೇನ ಇವು?”

“ನಿನ್ನವೇ. ಮೊದಲಿನವು.”

ಬಹಳ ಹೊತ್ತು ನೋಡಿ, “ಛಂದ ಅವಲ್ಲ” ಎಂದಳು.

ರಕ್ತದಲ್ಲಿ ಕೆಟ್ಟ ಕಣ ಕಾಣದಂತಾದಾಗ ಮಾತ್ರೆ ಕೊಟ್ಟು ಊರಿಗೆ ಕಳಿಸಿದರು. ಪ್ರತಿ ತಿಂಗಳು ಬಂದು ತೋರಿಸಬೇಕಿತ್ತು. ಮೊದಲು ಬಂದರು. ಆಮೇಲೆ ಬರುವುದು ನಿಂತಿತು.

ಬೇರೆ ಮಕ್ಕಳೂ ಹೀಗೇ ಬರುವುದನ್ನು ನಿಲ್ಲಿಸುತ್ತಿದ್ದರು. ಗೈಡ್ ಒಂದು ದಿನ ನನ್ನನ್ನು ಕರೆದು, “ಬಾರದ ಮಕ್ಕಳು ಯಾಕೆ ಬರುವುದಿಲ್ಲ ಎಂದು ತಿಳಿಯುವುದೂ ಸಂಶೋಧನೆಯೇ. ನಿನ್ನ ಕಡೆಯ ಹುಡುಗಿಯಿಂದ ಶುರು ಮಾಡು” ಎಂದರು.

ಕಲಬುರಗಿಯಲ್ಲಿ ಇಳಿದು ಅಫಜಲಪುರದ ಬಸ್ಸು ಹಿಡಿದೆ. ಅಲ್ಲಿಂದ ಮುಂದೆ ಎತ್ತಿನ ಗಾಡಿಯಲ್ಲಿ ಸ್ವಲ್ಪ, ನಡೆದು ಸ್ವಲ್ಪ. ನಮ್ಮ ಊರಿನಂಥದೇ ಕರಿ ಮಣ್ಣು, ಅದೇ ಜೋಳದ ಹೊಲ. ಆದರೂ ಎದುರಿಗೆ ಸಿಕ್ಕವರು ನನ್ನನ್ನು ಹೊರಗಿನವಳಂತೆ ನೋಡಿದರು. “ಯಾರ ಮನೀಗ್ರಿ?” ಎಂದು ಕೇಳಿದವರೊಬ್ಬರು, ಹೆಸರು ಹೇಳಿದ ಮೇಲೆ, “ಓ, ಕಾಮಾಲಿ ಆಗಿತ್ತಲ್ಲ, ಆ ಹುಡುಗಿ ಮನೀಗೇನು” ಎಂದರು. ತಾಯಿ ಊರಿಗೆಲ್ಲ ಕಾಮಾಲೆ ಎಂದೇ ಹೇಳಿದ್ದಳು. ನಾನೂ ಹೌದೆಂದೆ.

ಹುಡುಗಿ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಗುಂಗುರು ಕೂದಲು ಬಂದಿತ್ತು. ತಾಯಿ ನನ್ನನ್ನು ಕಂಡು ಹಿಗ್ಗಿದಳು, ಆಮೇಲೆ ತಟ್ಟನೆ ಒಳಗೆ ಕರೆದು ಬಾಗಿಲು ಓರೆ ಮಾಡಿದಳು.

“ಆರಾಮ ಆಗ್ಯಾಳಲ್ರಿ ಬಾಯಾರ. ಆರಾಮ ಇದ್ದಕಿಗಿ ಮಾತ್ರಿ ಯಾಕ ಅಂತ ನಿಲ್ಲಿಸೇವ್ರಿ. ಅವು ತಗೊಂಡ್ರ ವಾಂತಿ ಮಾಡ್ಕೊತಾಳ.”

ಕಲಿತದ್ದನ್ನೆಲ್ಲ ಹೇಳಲು ಹೊರಟೆ. ಕಣ, ಮಜ್ಜೆ ಎಂದು ಶುರು ಮಾಡಿ ನನಗೇ ಬೇಸರ ಬಂತು. ಅಷ್ಟರಲ್ಲಿ ಹೊಲದಿಂದ ಆಕೆಯ ಗಂಡ ಬಂದು ಬಾಗಿಲಲ್ಲೇ ನಿಂತ.

“ನಿಮ್ಮ ಹೊಲದಾಗ ಕರಿಕಿ ಹುಲ್ಲ ಅದೇನ್ರಿ?” ಎಂದು ಅವನನ್ನು ಕೇಳಿದೆ.

“ಅದಕ್ಕೇನ ಬರ ಅದ ಬಿಡ್ರಿ.”

“ಮ್ಯಾಲಷ್ಟ ಹರಗಿ ತಗದ್ರ ಹೋಗ್ತದೇನು?”

“ಎಲ್ಲಿ ಹೋಗ್ತದ್ರಿ? ಒಳಗ ಬೇರಿನ ಒಂದ ಗೆಣ್ಣ ಉಳದ್ರ ಮುಂದಿನ ಮಳಿಗಿ ಹೊಲ ತುಂಬ...” ಅಷ್ಟು ಹೇಳಿ ಅವನು ನಿಲ್ಲಿಸಿದ. ಅಂಗಳದ ಕಡೆ ತಿರುಗಿ ಮಗಳನ್ನು ನೋಡಿದ. ಆಮೇಲೆ ಹೆಂಡತಿಗೆ, “ನಾಳಿಗೇ ಹೊಂಡು” ಎಂದ.

ತಾಯಿ, ಮಗಳು, ನಾನು ಮೂವರೂ ಒಂದೇ ರೈಲಿನಲ್ಲಿ ಮುಂಬೈಗೆ ಹೋದೆವು. ರೋಗ ಮರಳಿರಲಿಲ್ಲ. ಮಾತ್ರೆ ಮತ್ತೆ ಶುರುವಾಯಿತು, ಮುಗಿಯುವವರೆಗೂ ನಡೆಯಿತು.

ನನ್ನ ತರಬೇತಿ ಅದಕ್ಕೂ ಮೊದಲೇ ಮುಗಿದಿತ್ತು. ಮುಂದೆ ವಿದೇಶಕ್ಕೆ ಅರ್ಜಿ ಹಾಕು ಎಂದು ಗೈಡ್ ಹೇಳಿದ್ದರು. ಆದರೆ ಆ ವರ್ಷ ಅಪ್ಪ ತೀರಿಕೊಂಡರು. ನಾನು ಆಳಂದದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಕೆಲಸ ಹಿಡಿದೆ, ಮದುವೆ ಆಗಲಿಲ್ಲ. ಪ್ರಯೋಗಾಲಯವೆಂದರೆ ಅಲ್ಲಿ ಬಾಟಲಿಯಲ್ಲಿಟ್ಟ ಕಪ್ಪೆ, ಹಾವು. ಮುಂಬೈಯಲ್ಲಿ ಕಲಿತ ನನ್ನ ಕಣ್ಣಿಗೆ ನೋಡಲು ಏನೂ ಇರಲಿಲ್ಲ, ಅದರ ಬಗ್ಗೆ ಮಾತಾಡಲು ಯಾರೂ ಇರಲಿಲ್ಲ. ವರ್ಷಕ್ಕೊಮ್ಮೆ ಆ ತಾಯಿ ಮಗಳು ಬಂದು ಹೋಗುತ್ತಿದ್ದರು. ಆ ದಿನ ಕಾಲೇಜಿಗೆ ರಜೆ ಹಾಕುತ್ತಿದ್ದೆ. ಹುಡುಗಿ ನನ್ನ ಭುಜಕ್ಕೆ ಬಂದಳು, ಆಮೇಲೆ ನನಗಿಂತ ಎತ್ತರವಾದಳು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಸಲ ತಾಯಿ ಒಬ್ಬಳೇ ಬಂದಳು. ನಾನು ಆಕೆಯ ಹಿಂದೆ ಬಾಗಿಲ ಕಡೆ ನೋಡಿದೆ. ಆಕೆ ಕೂಡಲೇ, “ಆರಾಮ ಇದ್ದಾಳ್ರಿ, ಲಗ್ನ ಗೊತ್ತಾಗ್ಯಾದ” ಎಂದಳು. ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟಳು, ಹುಡುಗನ ಊರು, ಮನೆತನ ಎಲ್ಲ ಹೇಳಿದಳು. ನಾನು ತಾರೀಖು ಕೇಳಿದೆ. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದಳು.

“ಬಾಯಾರ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವ ಲಗ್ನಕ್ಕ ಬರಬ್ಯಾಡ್ರಿ. ಬೀಗರು ಇವರ್ಯಾರು, ಹ್ಯಾಂಗ ಪರಿಚಯ ಅಂತ ಕೇಳ್ತಾರ. ಊರಾಗ ಕಾಮಾಲಿ ಅಂದೇವಿ, ಬೀಗರ ಮುಂದ ಹಂಗ ಸುಳ್ಳ ಹೇಳಾಕ ನನಗ ಬರಂಗಿಲ್ರಿ. ಕೂಸಿನ ಬಾಳೇವು ಅದ.”

“ಅಕಿಗಿ ಗೊತ್ತದೇನು?”

“ಅಕಿನೇ ಅಳಾಕತ್ಯಾಳ್ರಿ. ಅಕ್ಕ ಬರಲಿ ಅಂತಾಳ. ನಾನೇ ಬ್ಯಾಡ ಅಂದೇನಿ.”

“ಹಂಗೇ ಆಗಲಿ” ಎಂದೆ. ಆಕೆ ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ತಡೆದೆ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ಸು ಹೊರಟಾಗ ಆಕೆ ಕಿಟಕಿಯಿಂದ ಕೈ ಬೀಸಿದಳು.

ಮದುವೆಯ ದಿನ ಎಂದಿನಂತೆ ಪಾಠ ಮಾಡಿದೆ. ಸಂಜೆ ಬಜಾರಿನ ಎಸ್‌.ಟಿ.ಡಿ. ಬೂತಿನಿಂದ ಮುಂಬೈಗೆ ಫೋನು ಹಚ್ಚಿದೆ. ಗೈಡ್ ನಿವೃತ್ತರಾಗಿದ್ದರು, ಕಿವಿ ಮಂದವಾಗಿತ್ತು. ಹುಡುಗಿಯ ಮದುವೆ ಆಯಿತು ಎಂದು ಕೂಗಿ ಹೇಳಬೇಕಾಯಿತು. ಕೇಳಿದ್ದೇ ಅವರು ಗಟ್ಟಿಯಾಗಿ ನಕ್ಕರು. ಅವರು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ಸೀರೆ ಯಾವ ಬಣ್ಣದ್ದು? ಊಟ ಹೇಗಿತ್ತು?” ಎಂದು ಕೇಳಿದರು.

“ಹಸಿರು ಮೇಡಂ. ಊಟ ಚೆನ್ನಾಗಿತ್ತು” ಎಂದೆ.

ಬೂತಿನ ಹೊರಗೆ ನಿಂತವನು ಅವಸರ ಮಾಡುತ್ತಿದ್ದ. ಫೋನು ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮನೆಯ ಕಡೆ ನಡೆದೆ.