ಒಂದು ನಿದ್ದೆಯಷ್ಟು ದೂರ

ವಿಮಾನಗಳಿಗೆ ದಾರಿ ಹಾಕಿಕೊಡುವವರ ಹೆಸರು ಪ್ರಯಾಣಿಕರ ಕಿವಿಗೆ ಬೀಳುವುದಿಲ್ಲ. ಆದರೆ ಆ ವೃತ್ತಿಯಲ್ಲಿರುವ ನಮಗೆಲ್ಲ ‘ಗಾಳಿ ಮೇಷ್ಟ್ರು’ ಎಂದರೆ ಒಬ್ಬರೇ. ದೂರದ ಎರಡು ನಗರಗಳ ನಡುವಿನ ಅಂತರವನ್ನು ಯಾರು ಬೇಕಾದರೂ ಅಳೆದಾರು. ಆ ಅಂತರ ಈ ದಿನ ಎಷ್ಟು ಹೊತ್ತಿನದು ಎಂದು ಹೇಳುವ ವಿದ್ಯೆಯನ್ನು ಅವರು ಎರಡು ತಲೆಮಾರಿಗೆ ಧಾರೆಯೆರೆದಿದ್ದಾರೆ. ಅವರ ನಿವೃತ್ತಿಯ ಈ ಸಂದರ್ಭದಲ್ಲಿ, ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರೆಯುತ್ತಿರುವ ನಾನೂ ಅವರ ಶಿಷ್ಯೆ.

ಹವಾಮಾನ ವಿಭಾಗದಲ್ಲಿ ಸೇವೆ ಆರಂಭಿಸಿದ ಮೇಷ್ಟ್ರು ಆಮೇಲೆ ಮಾರ್ಗ ವಿಭಾಗದ ಮುಖ್ಯಸ್ಥರಾದರು. ನಾನು ತರಬೇತಿಗೆ ಸೇರಿದ್ದು ಆಗ. ಕಿಟಕಿಯಾಚೆ ವಿಮಾನಗಳು ಮೀನಿನಂತೆ ಸದ್ದಿಲ್ಲದೆ ತೇಲುತ್ತಿದ್ದವು. ಒಳಗೆ ಗೋಡೆಯಗಲದ ನಕ್ಷೆಯ ಮೇಲೆ ಗಾಳಿಯ ಗೆರೆಗಳು ಮಗುವಿನ ಬಾಚದ ಕೂದಲಿನಂತೆ ಹರಡಿರುತ್ತಿದ್ದವು. ನನ್ನ ನಾಲ್ಕು ವರ್ಷದ ಮಗಳು ಬಲುದೂರದ ನಮ್ಮೂರಿನಲ್ಲಿ ಅಜ್ಜಿಯ ಬಳಿ ಇದ್ದಳು. ಅವಳು ಫೋನಿಗೆ ಬರುವುದನ್ನೇ ನಿಲ್ಲಿಸಿದ್ದಳು. “ಆ ಅಮ್ಮ ಬೇಡ” ಎಂದದ್ದು ನನಗೆ ಕೇಳಿಸಿತ್ತು. ತರಬೇತಿ ಬಿಟ್ಟುಹೋಗುತ್ತೇನೆಂದು ಮೇಷ್ಟ್ರಿಗೆ ಹೇಳಿದೆ.

“ಬಿಡೋದು ಇದ್ದೇ ಇದೆ ಕಣಮ್ಮ. ಒಂದು ವಾರ ರಜ ತಗೊಂಡು ಹೋಗಿ ನೋಡು. ಈಗ ಮನೆಗೆ ಫೋನ್ ಮಾಡು,” ಎಂದು ಅವರೇ ಮೇಜಿನ ಫೋನಿನ ಸ್ಪೀಕರ್ ಒತ್ತಿದರು. ಹೊಸ ದನಿ ಕೇಳಿ ಮಗಳು ಹತ್ತಿರ ಬಂದಳು.

“ಯಾರು ನೀನು?”

“ನಿಮ್ಮಮ್ಮನ ಮೇಷ್ಟ್ರು, ಪುಟ್ಟಿ. ತಪ್ಪು ಲೆಕ್ಕ ಮಾಡಿದ್ರೆ ಬೈತೀನಿ.”

“ಬೈಬೇಡ. ಅಮ್ಮ ಎಷ್ಟು ದೂರ ಇದಾಳೆ?”

“ಒಂದು ನಿದ್ದೆಯಷ್ಟು.”

“ಮಧ್ಯಾಹ್ನದ ನಿದ್ದೆನಾ?”

“ಅಷ್ಟು ಪುಣ್ಯ ಎಲ್ಲಿ! ರಾತ್ರಿದು. ನಾಳೆ ಮಲಗು, ಏಳೋ ಹೊತ್ತಿಗೆ ಬಂದಿರ್ತಾಳೆ.”

ಮರುದಿನ ರಾತ್ರಿ ನಾನು ಹೋಗಬೇಕಿದ್ದ ವಿಮಾನದ ಮಾಮೂಲಿ ನೇರ ದಾರಿಯುದ್ದಕ್ಕೂ ಬಿರುಸಾದ ಎದುರುಗಾಳಿ. ಮೇಷ್ಟ್ರು ಉತ್ತರಕ್ಕೆ ಬಳಸಿ ಹೋಗುವ ದಾರಿ ಹಾಕಿದರು.

“ಏನ್ಸಾರ್, ಊರೆಲ್ಲ ಮೆರವಣಿಗೆನಾ?” ಎಂದು ಪೈಲಟ್ ಛೇಡಿಸಿದರು.

“ಮೆರವಣಿಗೆನೇ. ಅಲ್ಲಿ ಗಾಳಿ ಸುಮ್ನೆ ಮಲಗಿದೆ. ದೂರ ಜಾಸ್ತಿ, ಹೊತ್ತು ಕಮ್ಮಿ. ಒಂದು ಮಗು ಏಳೋದ್ರೊಳಗೆ ಇಳಿಸ್ಬಿಡಿ.”

ಒಂದು ಮಗುವಿಗಾಗಿ ವಿಮಾನ ತಿರುಗಿಸುವವರು ಅವರಲ್ಲ; ಎಲ್ಲರಿಗೂ ಒಳಿತಾದ ದಾರಿ ಹುಡುಕುವಾಗ ಒಂದು ಮಗುವನ್ನೂ ನೆನೆಯುವವರು.

ಕೆಳಗೆ ಹೆಸರು ತಿಳಿಯದ ನಗರಗಳು ಕೆಂಡದಂತೆ ಮಿನುಗಿ ಬೂದಿಯಾದವು. ನಾನು ಮಲಗಿದ್ದೆನೋ, ಮೋಡಗಳೇ ನನ್ನ ಬದಲು ಮಲಗಿದ್ದವೋ, ಇಂದಿಗೂ ಹೇಳಲಾರೆ. ಮನೆ ಮುಟ್ಟಿದಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಮಗಳು ಅರೆಗಣ್ಣು ತೆರೆದು ನನ್ನನ್ನು ಬಹಳ ಹೊತ್ತು ನೋಡಿದಳು. ಗೋಡೆಯ ಕಡೆ ಸರಿದು, ಅರ್ಧ ದಿಂಬು ಬಿಟ್ಟುಕೊಟ್ಟಳು.

ವಾರದ ಕೊನೆಗೆ ಹೊರಟಾಗ ಅವಳು ಅಳದೆ ಇರಲಿಲ್ಲ. ಅತ್ತು, ಮೂಗೊರೆಸಿಕೊಂಡು, “ಮೇಷ್ಟ್ರಿಗೆ ಹೇಳು, ನಾನು ಚೆನ್ನಾಗಿ ನಿದ್ದೆ ಮಾಡ್ತೀನಿ ಅಂತ,” ಎಂದಳು. ನಾನು ತರಬೇತಿ ಮುಗಿಸಿದೆ. ಆ ಕೋಣೆಯಲ್ಲೇ ಬೆಳೆದೆ.

ಮೇಲ್ಗಾಳಿಗಳ ಕುರಿತು ಮೇಷ್ಟ್ರು ಬರೆಯುತ್ತಿರುವ ಕೈಪಿಡಿ ಅರ್ಧಕ್ಕೆ ಬಂದಿದೆ. ಇಷ್ಟು ವರ್ಷ ಪರರ ಬೆಳಗುಗಳಿಗಾಗಿ ಎಚ್ಚರವಿದ್ದ ಹಿರಿಯರು ಇನ್ನು ಬಿಸಿಲೇರುವವರೆಗೆ ನಿಶ್ಚಿಂತೆಯಿಂದ ಮಲಗಲಿ. ಎದ್ದು, ಕಾಫಿ ಕುಡಿದು, ಉಳಿದ ಅಧ್ಯಾಯಗಳನ್ನು ಬರೆಯಲಿ. ಆ ಕೈಪಿಡಿ ಓದಿಯೂ ನಾವು ತಪ್ಪು ಮಾಡಿದಾಗ ಬೈಯಲು ನೂರು ವರ್ಷ ನಮ್ಮೊಡನಿರಲಿ.