ಬಾಯಿಗೆ ಅಡ್ಡ ಹಿಡಿದ ಕಾರ್ಡು

ಕುಂಯ್ ಅಕ್ಕ ತೀರಿಕೊಂಡ ಮೇಲೆ ಅವಳ ಬಗ್ಗೆ ಮಾತಾಡಿದವರೆಲ್ಲ ತಾಳ್ಮೆಯನ್ನೇ ಹೊಗಳಿದರು. ತಾಳ್ಮೆ ಇತ್ತು, ಸುಳ್ಳಲ್ಲ. ಆದರೆ ಇಂಗ್ಲಿಷ್ ಪರೀಕ್ಷೆಯ ಕಾಲದಲ್ಲಿ ಅವಳು ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪು ಮಾಡಿಕೊಂಡಿದ್ದು, ಊಟದ ತಟ್ಟೆ ಮುಂದಿಟ್ಟುಕೊಂಡು ತುತ್ತೆತ್ತದೆ ಕೂತಿದ್ದು ಯಾರ ಬಾಯಲ್ಲೂ ಬರಲಿಲ್ಲ. ಅದನ್ನು ಬಿಟ್ಟು ಹೇಳಿದರೆ ಅವಳನ್ನು ಅರ್ಧ ಮಾತ್ರ ಹೇಳಿದ ಹಾಗೆ.

ಅವಳು ಕೆಲಸ ಮಾಡುತ್ತಿದ್ದದ್ದು ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿ. "ಕೆಳಗೆ ಕಣ್ಣು, ಮೇಲೆ ಕಿವಿ, ಮೂಗಿಗೆ ಎಲ್ಲಿ ಹೋಗ್ಬೇಕು?" ಎಂದು ಮೆಟ್ಟಿಲು ಹತ್ತಿ ಬಂದವರಲ್ಲಿ ಒಬ್ಬರಾದರೂ ದಿನಾ ಕೇಳುತ್ತಿದ್ದರು. ಮುಂದಿನ ಮೇಜಿನಲ್ಲಿ ಚೀಟಿ ಕೊಡುವ ಗೆಳತಿ ಮೊದಲ ಸಲ ಕೇಳಿದವಳಂತೆ ನಗುತ್ತಿದ್ದಳು.

ಒಳಗೆ ಗೋಡೆಗೆಲ್ಲ ಮೆತ್ತೆ ಹೊದಿಸಿದ ಪುಟ್ಟ ಕೋಣೆ. ಪರೀಕ್ಷೆಗೆ ಬಂದವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಲ್ಲಿ ಕೂರುವರು. ಅವಳು ಗಾಜಿನ ಈಚೆ, ಯಂತ್ರದ ಮುಂದೆ. ಹೆಡ್‌ಫೋನಿನಲ್ಲಿ ಕುಂಯ್ ಎಂದರೆ ಅವರು ಗುಂಡಿ ಒತ್ತಬೇಕು. ಆ ಕುಂಯ್ ಸದ್ದೇ ಮಕ್ಕಳ ಬಾಯಲ್ಲಿ ಅವಳ ಹೆಸರಾಯಿತು. ಅದು ಮುಗಿದ ಮೇಲೆ ಅವಳು ಮೈಕಿನಲ್ಲಿ ಒಂದೊಂದೇ ಮಾತು ಹೇಳುವಳು, ಅವರು ತಿರುಗಿ ಹೇಳಬೇಕು. ಕಿವಿ ಮಂದವಾದವರು ತುಟಿ ನೋಡಿಯೇ ಮಾತು ಹಿಡಿದುಬಿಡುತ್ತಾರೆ. ಅದಕ್ಕೆ ಬಾಯಿಗೆ ಅಡ್ಡಲಾಗಿ ಒಂದು ಬಿಳಿ ಕಾರ್ಡು ಹಿಡಿಯಬೇಕು. ಸರಿಯೋ ತಪ್ಪೋ ಮುಖದಲ್ಲಿ ಕಾಣಬಾರದು. ದನಿ ಏರಬಾರದು, ಇಳಿಯಬಾರದು. ಪ್ರತಿ ಮಾತಿಗೂ ಯಂತ್ರದ ಮುಳ್ಳು ಒಂದೇ ಗೆರೆ ಮುಟ್ಟಬೇಕು. ಹನ್ನೆರಡು ವರ್ಷ ಅವಳು ಹೀಗೆ ಮಾತಾಡಿದ್ದಳು.

ಆದರೆ ಕೈಗೂಸಿಗೆ ಗುಂಡಿ ಒತ್ತಲು ಬರುವುದಿಲ್ಲ. "ಸ್ವಲ್ಪ ದೊಡ್ಡದಾಗ್ಲಿ, ಆಮೇಲೆ ಕರ್ಕೊಂಡು ಬನ್ನಿ" ಎಂದು ತಾಯಂದಿರನ್ನು ಕಳಿಸುವುದು ಅವಳ ಪಾಲಿಗೇ ಬರುತ್ತಿತ್ತು. ದೊಡ್ಡದಾಗಿ ಬಂದ ಮಗುವಿಗೆ ಮಾತೇ ಹುಟ್ಟಿರುತ್ತಿರಲಿಲ್ಲ. ಕೂಸುಗಳ ಕಿವಿಯನ್ನು ಹೇಗೆ ಪರೀಕ್ಷಿಸುವುದು, ಕೇಳದ ಕೂಸಿಗೆ ಮಾತು ಹೇಗೆ ಕಲಿಸುವುದು ಎಂಬುದಕ್ಕೇ ಇದ್ದ ಓದಿಗೆ ಅವಳು ಅರ್ಜಿ ಹಾಕಿದಳು. ಸಮುದ್ರದಾಚೆಯ ವಿಶ್ವವಿದ್ಯಾಲಯ ಸೀಟು ಕೊಟ್ಟಿತು, ವಿದ್ಯಾರ್ಥಿವೇತನವನ್ನೂ ಕೊಟ್ಟಿತು. ಉಳಿದದ್ದು ಇಂಗ್ಲಿಷ್ ಪರೀಕ್ಷೆ ಒಂದೇ.

ಓದು, ಬರಹ, ಕೇಳುವಿಕೆ ಮೂರರಲ್ಲೂ ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಮಾತಿನಲ್ಲಿ ಅರ್ಧ ಅಂಕ ಕಡಿಮೆ.

ಇನ್ನೊಂದು ಸಲ ಕೂರಬಹುದಿತ್ತು, ಒಂದೇ ಸಲ. ಅದೂ ತಪ್ಪಿದರೆ ಸೀಟು ಬೇರೆಯವರಿಗೆ ಹೋಗುತ್ತಿತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಆ ವೇತನದ ಮಿತಿ ದಾಟುತ್ತಿತ್ತು.

ಅರ್ಧ ಅಂಕ ಎಲ್ಲಿ ಸೋರಿತು ಎಂದು ಯಾರಿಗೂ ತಿಳಿಯಲಿಲ್ಲ. ಕೋಚಿಂಗ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳುವವರು; ಕಣ್ಣು ತೆರೆದರೆ ಮಾತಿನ ತಪ್ಪು ತಪ್ಪಿಸಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ದನಿ ಬಾವಿಯೊಳಗಿಂದ ಬರುತ್ತಿದೆ, ನಾಚಿಕೆ ಬಿಡಿ ಎಂದರು. ಅವಳು ನಾಚಿಕೆ ಬಿಟ್ಟು ಗಟ್ಟಿಯಾಗಿ ಹೇಳಿದಳು.

"ಈಗ ರೈಲು ತಡವಾಗಿ ಬರುತ್ತೆ ಅಂತ ಅನೌನ್ಸ್ ಮಾಡ್ದಂಗಿದೆ ಮೇಡಂ" ಎಂದರು ಮೇಷ್ಟ್ರು, ಕಣ್ಣು ತೆರೆಯದೆ.

ಕೊರತೆ ಏನೆಂದು ಗೊತ್ತಿದ್ದರೆ ಜಟಾಪಟಿ ಮಾಡಬಹುದು. ಗೊತ್ತಿಲ್ಲದ ಕೊರತೆಯ ಜೊತೆ ಹೇಗೆ ಗುದ್ದಾಡುವುದು?

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅಮ್ಮ. ಅಮ್ಮನಿಗೆ ಕಿವಿ ಪೂರಾ ಹೋಗಿತ್ತು. ಊರವರ ಕಿವಿಗೆಲ್ಲ ಯಂತ್ರ ಹಾಕಿಸಿದ ಮಗಳು ತಂದುಕೊಟ್ಟ ಯಂತ್ರವನ್ನು ಅಮ್ಮ ಒಂದು ಗಂಟೆ ಹಾಕಿಕೊಂಡು, ಕಿವಿಯಲ್ಲಿ ಜಿರಳೆ ಓಡಾಡಿದ ಹಾಗಾಗುತ್ತದೆ ಎಂದು ಡಬ್ಬಿಗೆ ಸೇರಿಸಿದ್ದಳು. ಮಗಳ ತುಟಿಯೇ ಅವಳಿಗೆ ಕಿವಿ. ಬೇರೆಯವರ ತುಟಿ ಅಷ್ಟಾಗಿ ಹತ್ತುತ್ತಿರಲಿಲ್ಲ. ದೂರದಲ್ಲಿದ್ದ ಚಿಕ್ಕ ಮಗಳ ಮನೆಗೆ ಹೋದಾಗಲೆಲ್ಲ, ಅವಳು ಮಾತಾಡುವಾಗ ಫೋನು ನೋಡುತ್ತಾಳೆ, ನನ್ನ ಮುಖ ನೋಡುವುದಿಲ್ಲ ಎಂದು ಬೇಗ ವಾಪಸಾಗುತ್ತಿದ್ದಳು.

ಒಂದು ಸಂಜೆ ಅಮ್ಮ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಮಗಳು ಎದುರಿನ ಸ್ಟೂಲಿನ ಮೇಲೆ ಕೂತು, ಮೇಷ್ಟ್ರು ಕೊಟ್ಟ ಪ್ರಶ್ನೆಯ ಕಾರ್ಡು ಹಿಡಿದು ಇಂಗ್ಲಿಷಿನಲ್ಲಿ ಉತ್ತರ ಹೇಳಿಕೊಳ್ಳುತ್ತಿದ್ದಳು. ಅಮ್ಮ ಸಿಪ್ಪೆ ಕೆಳಗಿಟ್ಟಳು.

"ನನ್ನ ಬೈಯ್ತಿದ್ದೀಯಾ?"

"ನಾನ್ಯಾಕಮ್ಮ ಬೈಲಿ?" ಎಂದು ಮಗಳು ತಲೆ ಅಡ್ಡಡ್ಡ ಆಡಿಸಿದಳು.

"ಮತ್ತೆ ಬಾಯಿ ಯಾಕೆ ಮುಚ್ಕೊಂಡಿದ್ದೀಯ?"

ಅವಳು ಕೆಳಗೆ ನೋಡಿದಳು. ಕಾರ್ಡು ಅವಳ ಗಲ್ಲದ ಮೇಲೆ, ಮೂಗಿನ ಕೆಳಗೆ, ಕ್ಲಿನಿಕ್ಕಿನಲ್ಲಿ ನಿಲ್ಲುವ ಜಾಗದಲ್ಲೇ ನೆಟ್ಟಗೆ ನಿಂತಿತ್ತು. ಯಾವಾಗ ಎತ್ತಿದ್ದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮೊದಲ ಪರೀಕ್ಷೆಯ ಕೋಣೆ ನೆನಪಿಗೆ ಬಂತು. ಅಲ್ಲೂ ಕೈಗೆ ಒಂದು ಕಾರ್ಡು ಕೊಟ್ಟಿದ್ದರು. ಪರೀಕ್ಷಕರು ರೆಕಾರ್ಡರನ್ನು ಎರಡು ಸಲ ಅವಳ ಹತ್ತಿರಕ್ಕೆ ತಳ್ಳಿದ್ದರು. ಎಷ್ಟು ಒಳ್ಳೆಯವರು ಎಂದುಕೊಂಡಿದ್ದಳು.

ಅಂದಿನಿಂದ ಅಭ್ಯಾಸ ಅಮ್ಮನ ಎದುರಿಗೇ ಎಂದಾಯಿತು. ನಿನಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದದ್ದಕ್ಕೆ ಅಮ್ಮ, ಬಂದಿದ್ದರೂ ಕೇಳಿಸುತ್ತಿರಲಿಲ್ಲ, ಬಾಯಿ ಕಂಡರೆ ಸಾಕು ಎಂದಳು. ಕೈ ಮೇಲೇರಿದರೆ ಸೌಟಿನಿಂದ ಮೊಣಕೈಗೆ ಒಂದು ಬೀಳುತ್ತಿತ್ತು. ದನಿ ಒಂದೇ ಗೆರೆಯಲ್ಲಿ ಹೋದರೆ ಮುಖವೂ ಮರಗಟ್ಟುತ್ತಿತ್ತು. ಆಗ ಅಮ್ಮ ಕತ್ತು ತಿರುಗಿಸಿ ಕೂರುವಳು. "ಮುಖ ಗೋಡೆ ಮಾಡ್ಕೊಂಡ್ರೆ ನಂಗೇನು ತಿಳಿಯುತ್ತೆ?" ಹುಬ್ಬು ಏರಿದಾಗ, ಕೆನ್ನೆ ಅಲುಗಿದಾಗ, ದನಿ ತಾನಾಗಿ ಏರಿ ಇಳಿಯುತ್ತಿತ್ತು.

ಅದರ ತೊಂದರೆ ಕ್ಲಿನಿಕ್ಕಿನಲ್ಲಿ ಕಾಣಿಸಿಕೊಂಡಿತು. ಅಲ್ಲಿ ದಿನವಿಡೀ ಕಾರ್ಡು ಎತ್ತಬೇಕು, ಮನೆಯಲ್ಲಿ ಎತ್ತಬಾರದು. ಒಂದು ಬೆಳಿಗ್ಗೆ ವಯಸ್ಸಾದವರೊಬ್ಬರು ಒಂದೂ ತಪ್ಪದೆ ಎಲ್ಲ ಮಾತನ್ನೂ ತಿರುಗಿ ಹೇಳಿದರು. ಡಾಕ್ಟರು ಹಾಳೆ ನೋಡಿ, ಈ ತಾತನ ಕಿವಿ ರಾತ್ರೋರಾತ್ರಿ ಮೊಳೆತಿದೆಯಾ ಎಂದು ಕೇಳಿದಾಗ ಅವಳು ತಿರುಗಿ ನೋಡಿದಳು. ಕಾರ್ಡು ಮೇಜಿನ ಮೇಲೇ ಬಿದ್ದಿತ್ತು. ಮೆಟ್ಟಿಲಿಳಿಯುತ್ತಿದ್ದ ತಾತನನ್ನು ಓಡಿಹೋಗಿ ಕರೆತಂದು ಮತ್ತೆ ಕೂರಿಸಿದಳು. ಅಂದು ಮಧ್ಯಾಹ್ನ ಗೆಳತಿಯ ಹತ್ತಿರ, ಅದೂ ಇಲ್ಲ ಇದೂ ಇಲ್ಲ ಅನ್ನೋ ಹಾಗಾಗ್ತೀನಿ ಕಣೇ ಎಂದಳು. ಬುತ್ತಿ ಹಾಗೇ ವಾಪಸು ಹೋಯಿತು.

ಪರೀಕ್ಷೆ ಹತ್ತಿರವಾದಂತೆ ಇನ್ನೊಂದು ಮಾತು ಅವಳನ್ನು ಕೊರೆಯತೊಡಗಿತು. ಅಮ್ಮನ ಎದುರು ಕೂತು, ಇಂಗ್ಲಿಷು ನಿಲ್ಲಿಸಿ, ಅದನ್ನು ಕೇಳಿಯೂ ಬಿಟ್ಟಳು. "ನಾನು ಪಾಸಾದ್ರೆ ನೀನು ತಂಗಿ ಮನೇಲಿ ಇರ್ಬೇಕಾಗುತ್ತೆ. ಗೊತ್ತಲ್ವಾ?"

ಅಮ್ಮ ಹೇಳಿದಳು, "ಕೈ ಕೆಳಗಿಡು. ಏನಂದಿ ಅಂತ ಕಾಣಿಸ್ಲಿಲ್ಲ."

ಕೈ ನಿಜವಾಗಿಯೂ ಬಾಯಿಯ ಮೇಲಿತ್ತು. ಅವಳು ಕೈ ಇಳಿಸಿದಳು. ಮಾತನ್ನು ಇನ್ನೊಂದು ಸಲ ಹೇಳಲಿಲ್ಲ.

ಎರಡನೇ ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ರೆಕಾರ್ಡರು. ಪರೀಕ್ಷಕಿ ಮುಖದಲ್ಲಿ ಏನನ್ನೂ ತೋರಿಸದ ಹೆಂಗಸು. ಹೊರಗೆ ಕಾಯುತ್ತಿದ್ದ ಹುಡುಗಿಯರು ಆ ಮುಖಕ್ಕೇ ಹೆದರಿದ್ದರು. ಕುಂಯ್ ಅಕ್ಕನಿಗೆ ಅದು ಕನ್ನಡಿ ನೋಡಿದ ಹಾಗಿತ್ತು. ಗಾಜಿನ ಈಚೆ ಕೂತು ತಾನು ಎಷ್ಟು ಜನಕ್ಕೆ ಇದೇ ಮುಖ ತೋರಿಸಿರಬಹುದು. ಶುರುವಿನ ಸಣ್ಣ ಪ್ರಶ್ನೆಗಳಿಗೆ ಅಂಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಉತ್ತರಿಸಿದಳು. ಬೆರಳು ಜೋಮು ಹಿಡಿಯಿತು.

ಆಮೇಲೆ ಕಾರ್ಡು ಬಂತು. ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದ ಒಂದು ಪ್ರಯಾಣದ ಬಗ್ಗೆ ಹೇಳಬೇಕು. ಬಿಳಿ ಕಾರ್ಡು, ಕ್ಲಿನಿಕ್ಕಿನದೇ ಅಳತೆ. ಕೈಗೆ ತಗುಲಿದ್ದೇ ತಡ, ಮೊಣಕೈ ಮಡಚಿಕೊಳ್ಳತೊಡಗಿತು. ಗಲ್ಲದವರೆಗೆ ಬಂದುಬಿಟ್ಟಿತ್ತು. ಸೌಟು ಹಿಡಿಯಲು ಅಮ್ಮ ಇರಲಿಲ್ಲ. ಅವಳು ಅದನ್ನು ಒಮ್ಮೆ ಪೂರಾ ಓದಿ, ಮೇಜಿನ ಮೇಲೆ ಮಗುಚಿಟ್ಟು, ಪರೀಕ್ಷಕಿಯ ಕಡೆಗೆ ತಳ್ಳಿದಳು.

ಇಟ್ಟುಕೊಳ್ಳಬಹುದು, ಅದರಲ್ಲಿ ಏನೇನು ಹೇಳಬೇಕೆಂದು ಬರೆದಿದೆ ಎಂದಳು ಪರೀಕ್ಷಕಿ.

ಬೇಡ, ಕೈಯಲ್ಲಿದ್ದರೆ ಬಾಯಿ ಮುಚ್ಚಿಕೊಳ್ಳುತ್ತೇನೆ, ಅದು ನನ್ನ ಕೆಲಸ ಎಂದಳು ಇವಳು.

ಪರೀಕ್ಷಕಿಯ ಮುಖ ಅಲುಗಲಿಲ್ಲ. ಎದುರಿಗಿರುವವಳಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡು ಕುಂಯ್ ಅಕ್ಕ ಶುರುಮಾಡಿದಳು. ಅಮ್ಮನೂ ತಾನೂ ಹೊರಟಿದ್ದ ಬಸ್ಸು ಕೆಟ್ಟು ನಿಂತದ್ದು, ಮತ್ತೆ ಹೊರಟಾಗ ಒಳಗಿನ ದೀಪ ಕೆಟ್ಟು ಅಮ್ಮನಿಗೆ ತುಟಿ ಕಾಣದೇ ಹೋದದ್ದು, ಎದುರಿನಿಂದ ಬರುವ ಲಾರಿಗಳ ಬೆಳಕು ಮುಖಕ್ಕೆ ಬಿದ್ದಾಗ ಮಾತ್ರ ಒಂದೊಂದು ಮಾತು ಆಡುತ್ತ ಊರು ಸೇರಿದ್ದು. ನಡುವೆ ಎರಡು ಸಲ ಮಾತಿಗೆ ತಡಕಾಡಿದಳು. ಕಾರ್ಡಿನಲ್ಲಿದ್ದ ಕೊನೆಯ ಪ್ರಶ್ನೆ ಮರೆತೇ ಹೋಯಿತು. ಹೊರಗೆ ಬಂದಾಗ ಎಲ್ಲ ಕೈತಪ್ಪಿತು ಎಂದೇ ಅವಳಿಗನಿಸಿತು.

ಫಲಿತಾಂಶ ಬಂದಾಗ ಅವಳು ಮೆತ್ತೆಯ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಹೆಡ್‌ಫೋನಿನ ತಂತಿ ಸರಿಮಾಡುತ್ತಿದ್ದಳು. ತನಗೆ ನೋಡಲು ಧೈರ್ಯವಿಲ್ಲ ಎಂದು ಫೋನನ್ನು ಗೆಳತಿಯ ಕೈಗೆ ಕೊಟ್ಟಿದ್ದಳು. ಗೆಳತಿ ಗಾಜಿನ ಮುಂದೆ ಬಂದು ನಿಂತು, ಕಾರ್ಡು ಗೀರ್ಡು ಇಲ್ಲದೆ, ಬಿಡಿಸಿ ಬಿಡಿಸಿ ಹೇಳಿದಳು. ಸದ್ದು ಒಳಗೆ ಹೋಗಲಿಲ್ಲ. ಅಕ್ಕ ತುಟಿ ನೋಡಿದಳು. ಅರ್ಧ ಅಂಕ ಸಿಕ್ಕಿತ್ತು, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ.

ಸಂಜೆ ಅಮ್ಮನ ಎದುರು ಕೂತು, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಹೇಳಿದಳು. ಇನ್ನೊಂದು ಸಲ ಹೇಳು ಎಂದಳು ಅಮ್ಮ. ಹೇಳಿದಳು. ಮತ್ತೂ ಒಂದು ಸಲ ಹೇಳಿಸಿದಳು. ಮೊದಲನೇ ಸಲಕ್ಕೇ ತಿಳಿದಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಹೋದಳು, ಓದಿದಳು, ಮರಳಿ ಬಂದು ಅಮ್ಮನನ್ನು ತಂಗಿಯ ಮನೆಯಿಂದ ಕರೆತಂದಳು. ನಿದ್ದೆ ಹೋದ ಕೂಸುಗಳ ತಲೆಗೆ ಸಣ್ಣ ತಂತಿ ಅಂಟಿಸಿ ಕಿವಿ ನೋಡುವ ಕೆಲಸ ಕ್ಲಿನಿಕ್ಕಿನಲ್ಲಿ ಶುರುವಾದದ್ದು ಆಗ. ದೊಡ್ಡದಾಗಲಿ ಬನ್ನಿ ಎಂದು ಅಲ್ಲಿ ಈಗ ಯಾರೂ ಹೇಳುವುದಿಲ್ಲ. ಹೋದ ವರ್ಷದ ಚಳಿಯಲ್ಲಿ ಕಾಯಿಲೆ ಬಿದ್ದ ಕುಂಯ್ ಅಕ್ಕ ಏಳಲಿಲ್ಲ.

ಅಮ್ಮ ಇದ್ದಾಳೆ. ಭಾನುವಾರ ಅವಳ ಎದುರಿನ ಸ್ಟೂಲಿನ ಮೇಲೆ ಕೂತು ಮಾತಾಡುವುದು ಚೀಟಿ ಕೊಡುವ ಗೆಳತಿಯ ಪಾಲಿಗೆ ಬಂದಿದೆ. ಅವಳ ತುಟಿ ಅಮ್ಮನಿಗೆ ಇನ್ನೂ ಪೂರ್ತಿ ಹತ್ತಿಲ್ಲ. ಮಾತು ಅಕ್ಕನ ಕಡೆ ಹೊರಳಿದಾಗ ಗೆಳತಿಯ ಕೈ ತಾನಾಗಿ ಬಾಯಿಗೆ ಹೋಗುತ್ತದೆ.

"ಕೈ ಕೆಳಗಿಡು" ಎನ್ನುತ್ತಾಳೆ ಅಮ್ಮ.